ಬುಡದ ಮೇಸ್ತ್ರಿ

ನಿನ್ನೆ ಅವರನ್ನು ಮಣ್ಣು ಮಾಡಿ ಬಂದೆವು. ಪಾದ್ರಿಗಳು ಗುಂಡಿಯ ಪಕ್ಕ ನಿಂತು, ಸತ್ತವರು ಶಾಂತಸ್ವಭಾವದವರು, ಮೃದುಮಾತಿನವರು, ಎಲ್ಲರಿಗೂ ಬೇಕಾದವರು ಎಂದು ಹೇಳಿದರು. ಪಾಪ, ಪಾದ್ರಿಗಳು ಊರಿಗೆ ಹೊಸಬರು. ಆ ಮನುಷ್ಯ ಬಾಯಿ ತೆಗೆದರೆ ನಮ್ಮ ಅಕ್ಕಿ ಮಿಲ್ಲಿನ ತಗಡಿನ ಚಾವಣಿ ಅದುರುತ್ತಿತ್ತು. ಮೃದುಮಾತೆಂಬುದು ಅವರ ಹಣೆಯಲ್ಲೇ ಬರೆದಿರಲಿಲ್ಲ. ಎಲ್ಲರಿಗೂ ಬೇಕಾದವರು ಎನ್ನುವುದು ನಿಜವಾಗಿದ್ದರೆ ಮಿಲ್ಲಿನ ಅಷ್ಟು ಜನರಲ್ಲಿ ನಾನೂ ಕಸ ಗುಡಿಸುವ ಕೆಂಪಮ್ಮನೂ ಇಬ್ಬರೇ ಯಾಕೆ ಅಲ್ಲಿರುತ್ತಿದ್ದೆವು? ಅವರು ಸಿಡುಕರು, ಹಟಮಾರಿ, ಹಿಡಿದರೆ ಉಡದ ಪಟ್ಟು. ಅವರನ್ನು ಕಂಡರೆ ಮೊದಮೊದಲು ನನಗೂ ಆಗುತ್ತಿರಲಿಲ್ಲ. ಸತ್ತರೆಂದು ಈಗ ಸಕ್ಕರೆ ಬೆರೆಸಿ ಹೇಳುವುದು ನನ್ನಿಂದಾಗದು.

ನಮ್ಮ ಮಿಲ್ಲು ಇರುವುದು ರೈಲು ರಸ್ತೆಯ ಆಚೆ, ಯಾದವಗಿರಿಯ ಇಳಿಜಾರಿನಲ್ಲಿ. ಈಗ ಆ ಕಡೆ ದೊಡ್ಡವರ ಬಂಗಲೆಗಳು ಏಳುತ್ತಿವೆ. ನಾನು ಗುಮಾಸ್ತನಾಗಿ ಸೇರಿದಾಗ ಬರೀ ಲಂಟಾನದ ಪೊದೆ. ಭತ್ತ ಎತ್ತಿನ ಗಾಡಿಯಲ್ಲಿ ಬಂದು, ಅಕ್ಕಿಯಾಗಿ ರೈಲಿನಲ್ಲಿ ಹೋಗುತ್ತಿತ್ತು. ಮಿಲ್ಲಿನ ನಡುವೆ ಒಂದು ದಪ್ಪ ಗೋಡೆ. ಅದರ ಆಚೆ ಉಗಿಯ ಎಂಜಿನ್, ಈಚೆ ಭತ್ತ ಅರೆಯುವ ಯಂತ್ರಗಳು. ಎಂಜಿನ್ನು ತಿರುಗಿಸುವ ಉದ್ದನೆಯ ಕಬ್ಬಿಣದ ದಂಡವೊಂದು ಗೋಡೆಯನ್ನು ತೂರಿ ಬಂದು ಚಾವಣಿಯ ಕೆಳಗೆ ಹಾದಿತ್ತು. ಅದರ ಗಾಲಿಗಳಿಂದ ಚರ್ಮದ ಬೆಲ್ಟುಗಳು ಇಳಿದು ಒಂದೊಂದು ಯಂತ್ರವನ್ನೂ ಓಡಿಸುತ್ತಿದ್ದವು. ಎಂಜಿನ್ ನೋಡಿಕೊಳ್ಳುವ ಬೋರಯ್ಯನಿಗೆ ಈಚೆ ಏನು ನಡೆಯುತ್ತಿದೆ ಎಂಬುದು ಕಾಣುತ್ತಿರಲಿಲ್ಲ. ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಈ ಕಡೆಯವರು ಆ ಕಿಂಡಿಯಲ್ಲಿ ಕೂಗಿದಂತೆ ಅವನು ಉಗಿಯನ್ನು ತೆರೆಯುತ್ತಿದ್ದ, ಇಲ್ಲವೇ ಮುಚ್ಚುತ್ತಿದ್ದ. ಇಷ್ಟೇ ನಮ್ಮ ಮಿಲ್ಲು.

ಅವರು ಅಲ್ಲಿ ಎಂಜಿನ್ ಮೇಸ್ತ್ರಿ. ಎಂಜಿನ್ನು, ಬೆಲ್ಟು, ಯಂತ್ರ, ಅದರ ಹತ್ತಿರ ನಿಲ್ಲುವ ಜನ ಎಲ್ಲ ಅವರ ಉಸ್ತುವಾರಿ. ರೈಲ್ವೆಯಲ್ಲಿ ಬಹಳ ವರ್ಷ ಇದ್ದು ಬಂದವರು. ಮನೆ ಲಷ್ಕರ್ ಮೊಹಲ್ಲಾದಲ್ಲಿ, ಚರ್ಚಿನ ಹಿಂದಿನ ಓಣಿ. ಭಾನುವಾರದ ಪೂಜೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ. ಅಷ್ಟು ಭಕ್ತಿಯಿದ್ದೂ, ಕುತ್ತಿಗೆಯ ದಾರದಲ್ಲಿದ್ದ ಶಿಲುಬೆಯನ್ನು ಯಂತ್ರದ ಕಡೆಯ ಬಾಗಿಲಲ್ಲೇ ತೆಗೆದು ಮೊಳೆಗೆ ತೂಗುಹಾಕಿ ಒಳಗೆ ಬರುತ್ತಿದ್ದರು. ಅಂಗಿಯ ತೋಳು ಮೊಣಕೈ ಮೇಲಕ್ಕೆ ಕತ್ತರಿಸಿದ್ದು. ಕೈಯಲ್ಲೊಂದು ಬಿದಿರ ಕೋಲು. ಯಾರದೇ ಮೈಮೇಲೆ ಜೋತಾಡುವ ಬಟ್ಟೆ ಕಂಡರೂ ಕೋಲಿನ ತುದಿಯಿಂದ ಎತ್ತಿ ತೋರಿಸುವರು, ಮಾತಿಲ್ಲ. ಪಂಚೆ ಕಚ್ಚೆ ಹಾಕಬೇಕು, ಹೆಗಲ ಮೇಲಿನ ವಲ್ಲಿ ಹೊರಗಿಡಬೇಕು, ಹೆಂಗಸರು ಸೆರಗು ಬಿಗಿದು ಸಿಕ್ಕಿಸಬೇಕು. ಒಂದು ದಿನ ಸಾಹುಕಾರರನ್ನೇ ಬಾಗಿಲಲ್ಲಿ ತಡೆದು ಅಂಗವಸ್ತ್ರ ತೆಗೆಸಿದರು. ಸಾಹುಕಾರರು ಆಗ ನಕ್ಕರು. ಬಂದವರೆದುರಿಗೆಲ್ಲ, ‘ನಮ್ ಮೇಸ್ತ್ರಿ ನನ್ನೂ ಬುಡಲ್ಲ ಕಣ್ರೀ’ ಎಂದು ಹೆಮ್ಮೆಯಿಂದ ಹೇಳಿಕೊಂಡರು. ಹಣ ಹರಿದು ಬರುವಾಗ ಎಲ್ಲವೂ ತಮಾಷೆಯಾಗಿಯೇ ಕಾಣುತ್ತದೆ.

ಸಿದ್ದಯ್ಯನ ವಿಷಯ ಮಾತ್ರ ಅಷ್ಟು ಸುಲಭವಾಗಿರಲಿಲ್ಲ. ಯಂತ್ರ ನೋಡಿಕೊಳ್ಳುವವರಲ್ಲಿ ಅವನು ಹಳಬ, ಲಿಂಗ ಕಟ್ಟಿಕೊಂಡವನು. ಶಿವದಾರದಲ್ಲಿ ಲಿಂಗದ ಕರಡಿಗೆ ಎದೆಯ ಮೇಲೆ ಓಲಾಡುತ್ತಿತ್ತು. ಮೇಸ್ತ್ರಿ ಕೋಲು ಎತ್ತಿದರು. ಸಿದ್ದಯ್ಯ, ‘ಇದ್ನ ತಗ್ಯಾದು ಪ್ರಾಣ ಓದ್ಮೇಲೇ’ ಎಂದ. ಎಲ್ಲರೂ ಜಗಳ ಕಾಯುತ್ತ ನಿಂತರು. ಮೇಸ್ತ್ರಿ ಕೋಲು ಇಳಿಸಿ, ‘ತಗೀ ಅಂದ್ನಾ? ಮೈಗೆ ಅಂಟ್ಕೊಂಡಂಗೆ ಇರ್ಬೇಕು ಅಂದೆ. ನಿಮ್ಮ ಹಿರೀಕರು ಹೇಳಿದ್ದೂ ಅದನ್ನೇ ಅಲ್ವಾ?’ ಎಂದರು. ಮಾರನೆಯ ದಿನ ತಮ್ಮ ಹೆಂಡತಿಯ ಕೈಯಲ್ಲಿ ಒಂದು ಬನೀನು ಹೊಲಿಸಿಕೊಂಡು ಬಂದರು. ಎದೆಯ ಒಳಗಡೆಗೆ ಕರಡಿಗೆ ಕೂರುವಷ್ಟು ಜೇಬು, ಮೇಲೆ ಗುಂಡಿ. ಹೊಲಿದವರು ಕಿರಿಸ್ತಾನರು ಎಂದು ಸಿದ್ದಯ್ಯ ಅದನ್ನು ಒಗೆದು, ವಿಭೂತಿ ಹಚ್ಚಿ, ಆಮೇಲೆ ಹಾಕಿಕೊಂಡ. ಮೇಸ್ತ್ರಿಗೆ ಅದು ಗೊತ್ತಾಗಿ, ‘ಒಗ್ದಿದ್ದು ಒಳ್ಳೇದೇ, ಹೊಸ ಬಟ್ಟೆ ನವೆ ಬರುತ್ತೆ’ ಎಂದರಷ್ಟೆ.

ಇನ್ನು ಆ ಮಾತಿನ ವಿಷಯ. ನಮ್ಮ ಮೈಸೂರಿನವರ ಬಾಯಲ್ಲಿ ‘ಬಿಡು’ ಎನ್ನುವುದು ‘ಬುಡು’ ಆಗುತ್ತದೆ. ಆ ಒಂದು ಮಾತು ಮಾಡದ ಕೆಲಸವಿಲ್ಲ. ಗಾಡಿ ಬುಡು ಎಂದರೆ ಹೊರಡಿಸು. ಕೈ ಬುಡು ಎಂದರೆ ಹಿಡಿದದ್ದನ್ನು ಸಡಿಲಿಸು. ಸಾಕು ಬುಡು ಎಂದರೆ ನಿಲ್ಲಿಸು. ಹೋಗ್ಲಿ ಬುಡು ಎಂದರೆ ಮರೆತುಹಾಕು. ಮನೆಯಲ್ಲಿ, ಬೀದಿಯಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ, ಮುಖ ನೋಡಿದರೆ ಅರ್ಥವಾಗುತ್ತದೆ. ಗೋಡೆಯ ಕಿಂಡಿಯಲ್ಲಿ ಮುಖ ಕಾಣುವುದಿಲ್ಲ. ನಾನು ಸೇರಿದ ಹೊಸದರಲ್ಲಿ ಚಿಕ್ಕಣ್ಣ ಎಂಬವನು, ಎಂಜಿನ್ ನಿಂತಿದೆಯೆಂದು ಯಂತ್ರದ ಬಾಯಿಗೆ ಕೈ ಹಾಕಿ ಒಳಗೆ ಸಿಕ್ಕಿದ ಹೊಟ್ಟು ತೆಗೆಯುತ್ತಿದ್ದ. ಕಿಂಡಿಯ ಹತ್ತಿರ ಮೂಟೆ ಹೊತ್ತು ಬಂದವನೊಬ್ಬನಿಗೆ ಇನ್ನೊಬ್ಬ, ‘ಇಲ್ಲೇ ಬುಡು’ ಎಂದ. ಮೂಟೆ ಇಳಿಸು ಎಂದು ಅವನ ಅರ್ಥ. ಆಚೆ ಬೋರಯ್ಯನಿಗೆ ಕೇಳಿದ್ದು ‘ಬುಡು’. ಅವನು ಉಗಿ ತೆರೆದ. ಚಿಕ್ಕಣ್ಣನ ಬಲಗೈ ಬೆರಳುಗಳು ಹೋದವು.

ಸಾಹುಕಾರರು ಬಂದು ಯಾರ ತಪ್ಪು ಎಂದು ಕೇಳಿದರು. ಬೋರಯ್ಯ ಅಳುತ್ತ ನಿಂತಿದ್ದ, ಮೂಟೆಯವನು ಆಗಲೇ ಬೇಲಿ ಹಾರಿ ಓಡಿಹೋಗಿದ್ದ. ಮೇಸ್ತ್ರಿ, ‘ಮಾತಿನ ತಪ್ಪು ಸ್ವಾಮಿ. ಇವ್ರನ್ನ ಹೊಡ್ದು ಏನ್ ಮಾಡ್ತೀರಿ, ನಾಳೆ ಇನ್ನೊಬ್ಬ ಅಂತಾನೆ’ ಎಂದರು. ಅಂದಿನಿಂದ ಮಿಲ್ಲಿನ ಗೋಡೆಯೊಳಗೆ ‘ಬುಡು’ ಎನ್ನುವುದೇ ನಿಷಿದ್ಧವಾಯಿತು. ಎಂಜಿನ್ನು ಓಡಬೇಕಾದರೆ ‘ನಡೆಸು’. ನಿಲ್ಲಬೇಕಾದರೆ ‘ನಿಲ್ಸು’. ಹಿಡಿದದ್ದನ್ನು ಸಡಿಲಿಸಬೇಕಾದರೆ ‘ಕೈ ತೆಗಿ’. ಇನ್ನು ಯಾವ ಮಾತಿಗೂ ಬೋರಯ್ಯ ಕೈ ಅಲ್ಲಾಡಿಸಕೂಡದು.

ಹೇಳುವುದು ಸುಲಭ. ನಮ್ಮ ಜನ ಬಂದ್ಬುಟ್ಟೆ, ತಿಂದ್ಬುಟ್ಟೆ, ಮರ್ತ್ಬುಟ್ಟೆ ಎನ್ನದೆ ಉಸಿರಾಡುವುದು ಹೇಗೆ? ಆದರೆ ಮೇಸ್ತ್ರಿ ಬಿಡಲಿಲ್ಲ. ದಿನಾ ಬೆಳಿಗ್ಗೆ ಉಗಿ ಏರುವ ಹೊತ್ತಿಗೆ ಎಲ್ಲರನ್ನೂ ಕಿಂಡಿಯ ಮುಂದೆ ಸಾಲಾಗಿ ನಿಲ್ಲಿಸುವರು. ಒಬ್ಬೊಬ್ಬರೂ ಕಿಂಡಿಗೆ ಬಾಯಿಟ್ಟು ‘ನಡೆಸು’ ಎಂದೊಂದು ಸಲ, ‘ನಿಲ್ಸು’ ಎಂದೊಂದು ಸಲ ಕೂಗಬೇಕು. ಆಚೆಯಿಂದ ಬೋರಯ್ಯ ಅದನ್ನೇ ತಿರುಗಿ ಹೇಳಬೇಕು. ಸಿದ್ದಯ್ಯನಿಂದ ಹಿಡಿದು ಕೆಂಪಮ್ಮನವರೆಗೆ ಯಾರಿಗೂ ರಿಯಾಯಿತಿ ಇಲ್ಲ. ತಕ್ಕಡಿಯ ಹತ್ತಿರ ಕೂರುವ ನನಗೂ ಇಲ್ಲ. ‘ನಾನು ಯಂತ್ರದ ಹತ್ರಾನೇ ಬರಲ್ವಲ್ಲ’ ಎಂದರೆ, ‘ಬರೋ ದಿನ ಹೇಳಿ ಬರುತ್ತಾ ರೈಟ್ರೇ?’ ಎಂದರು. ಕೊನೆಗೆ ತಾವೂ ಕಿಂಡಿಗೆ ಬಾಯಿಟ್ಟು ಕೂಗುವರು. ಅದು ಮುಗಿಯದೆ ಬೆಲ್ಟು ಏರುವಂತಿರಲಿಲ್ಲ.

ನಗದವರಾರು? ಆಗಲೇ ‘ಬುಡದ ಮೇಸ್ತ್ರಿ’ ಎಂಬ ಹೆಸರು ಬಿದ್ದದ್ದು. ಆ ಮಾತು ಆಡದ, ಬೇರೆಯವರನ್ನೂ ಆಡಲು ಬಿಡದ, ಹಿಡಿದರೆ ಬಿಡದ ಮೇಸ್ತ್ರಿ. ಗಾಡಿಯವರು ಗೇಟಿನಾಚೆ ನಿಂತು ಬೇಕೆಂದೇ ‘ಬುಡಪ್ಪೋ ಬುಡು’ ಎಂದು ರಾಗ ಎಳೆಯುತ್ತಿದ್ದರು. ಅವರು ಕೇಳಿಸಿಕೊಂಡು, ‘ಅಲ್ಲಿ ಏನಾದ್ರೂ ಅನ್ನಿ. ಗೇಟು ದಾಟಿ ಅಂದ್ರೆ ನಿಮ್ಮ ಭತ್ತ ನೀವೇ ಕುಟ್ಕೋಬೇಕು’ ಎನ್ನುವರು.

ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಕೆಂಪಮ್ಮನಿಂದ. ಒಂದು ಸುಗ್ಗಿಯ ದಿನ, ಹೊರಗೆ ಗಾಡಿಗಳ ಸಾಲು ರೈಲು ಗೇಟಿನವರೆಗೆ ನಿಂತಿದೆ, ಒಳಗೆ ಯಂತ್ರಗಳೆಲ್ಲ ಭರದಿಂದ ಓಡುತ್ತಿವೆ. ಗುಡಿಸುತ್ತಿದ್ದ ಕೆಂಪಮ್ಮ ಇದ್ದಕ್ಕಿದ್ದಂತೆ ಕಿಂಡಿಗೆ ಬಾಯಿಟ್ಟು ‘ನಿಲ್ಸು’ ಎಂದು ಕಿರುಚಿದಳು. ಬೋರಯ್ಯ ನಿಲ್ಲಿಸಿದ. ನೋಡಿದರೆ ಬೆಲ್ಟಿನ ಕೆಳಗೆ ಅವಳಿಗೆ ಕೈಯಂತೆ ಕಂಡದ್ದು ಗೋಣಿಯ ಚಿಂದಿ. ನಿಂತ ಎಂಜಿನ್ನನ್ನು ಮತ್ತೆ ಎಬ್ಬಿಸಿ ಓಟಕ್ಕೆ ತರುವುದು ಸಣ್ಣ ಕೆಲಸವಲ್ಲ. ಗಾಡಿಯವರು ಬೈಯತೊಡಗಿದರು, ಸಾಹುಕಾರರು ಕೆಂಪಗಾಗಿ ಬಂದರು. ಕೆಂಪಮ್ಮ ಪೊರಕೆ ಹಿಡಿದು ಗೋಡೆಗೆ ಅಂಟಿಕೊಂಡು ನಿಂತಿದ್ದಳು.

ಮೇಸ್ತ್ರಿ ಆ ಚಿಂದಿಯನ್ನು ಎತ್ತಿ ನೋಡಿ, ‘ಚೆನ್ನಾಗ್ ಕೂಗ್ದೆ ಕಣವ್ವ. ನಾಳೆನೂ ಅಂಗೇ ಕೂಗು’ ಎಂದರು.

‘ಬರೀ ಚಿಂದಿಗೆ ಮಿಲ್ ನಿಲ್ಸಿದ್ಲಲ್ರೀ’ ಎಂದರು ಸಾಹುಕಾರರು.

‘ಚಿಂದಿಗೆ ಕೂಗ್ದೋಳು ಕೈಗೂ ಕೂಗ್ತಾಳೆ ಸ್ವಾಮಿ. ಇವತ್ತು ಚಿಂದಿಗೆ ಬೈಸ್ಕೊಂಡ್ರೆ, ನಾಳೆ ಕೈಯೇ ಕಂಡ್ರೂ ಸುಮ್ಕಿರ್ತಾಳೆ. ಯಾವ್ದು ಬೇಕು ನೀವೇ ಹೇಳಿ.’

ಸಾಹುಕಾರರು ಗಾಡಿಯವರನ್ನು ಸಮಾಧಾನ ಮಾಡಲು ಹೊರಗೆ ಹೋದರು. ಅದಾದ ಮೇಲೆ ಮಿಲ್ಲಿನಲ್ಲಿ ಒಂದು ಬದಲಾವಣೆ ಬಂತು. ಮೊದಲೆಲ್ಲ ಯಾರಿಗಾದರೂ ಕೈ ತರಚಿದರೆ, ಕಾಲು ಜಾರಿದರೆ, ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಿದ್ದರು. ಈಗ ಮಧ್ಯಾಹ್ನ ಮುದ್ದೆ ಉಣ್ಣುವಾಗ ತಾವಾಗಿಯೇ ಹೇಳತೊಡಗಿದರು. ‘ಇವತ್ತು ಏಣಿ ಮೇಲೆ ನನ್ ಕಾಲು ಒಸಿ ಜಾರ್ತು ಕಣ್ರೀ ಮೇಸ್ತ್ರಿ’ ಎಂದು ಸಿದ್ದಯ್ಯ ಹೇಳಿದರೆ, ಊಟ ಅರ್ಧಕ್ಕೆ ಬಿಟ್ಟು ಮೇಸ್ತ್ರಿ ಏಣಿಯ ಮೆಟ್ಟಿಲಿಗೆ ಗೋಣಿ ಸುತ್ತಲು ಹೋಗುವರು. ಸಿದ್ದಯ್ಯನ ಹೆಂಡತಿ ನನ್ನ ಹತ್ತಿರ ದೂರಿದ್ದೂ ಉಂಟು: ‘ಮನೇಲಿ ಆಲು ಉಕ್ತಾ ಇದ್ರೂ ನಿಲ್ಸು ನಿಲ್ಸು ಅಂತಾರೆ ಬುದ್ಧಿ, ಎಂಗೆ ನಿಲ್ಸ್ಲಿ?’ ಅಷ್ಟರ ಮಟ್ಟಿಗೆ ಆ ಮಾತು ಎಲ್ಲರ ನಾಲಗೆಗೆ ಹತ್ತಿತ್ತು. ಆ ವರ್ಷಗಳಲ್ಲಿ ನಮ್ಮ ಮಿಲ್ಲಿನಿಂದ ಯಾರನ್ನೂ ಆಸ್ಪತ್ರೆಗೆ ಹೊತ್ತುಕೊಂಡು ಹೋಗಲಿಲ್ಲ. ಇದನ್ನು ಗಮನಿಸಿದವರೂ ಇಲ್ಲ. ಏನೂ ಆಗದಿದ್ದರೆ ಯಾರಿಗೂ ಏನೂ ಕಾಣುವುದಿಲ್ಲ, ಅದೇ ಆ ಕೆಲಸದ ಹಣೆಬರಹ.

ಕೆಟ್ಟ ಕಾಲ ಬಂತು. ಧಾರಣೆ ಬಿತ್ತು, ಹೊಸದಾಗಿ ಇನ್ನೊಂದು ಮಿಲ್ಲು ಎದ್ದಿತು, ನಮ್ಮ ಗೇಟಿನ ಮುಂದೆ ಗಾಡಿಗಳು ಕಡಿಮೆಯಾದವು. ಸಾಹುಕಾರರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಮಠದ ದಾಸೋಹಕ್ಕೆ ವರ್ಷವಿಡೀ ಅಕ್ಕಿ ಕಳಿಸುತ್ತಿದ್ದರು, ಹಸಿದು ಬಂದವರನ್ನು ಬರಿಗೈಲಿ ಕಳಿಸಿದ್ದು ನಾನು ಕಂಡಿಲ್ಲ. ಆದರೆ ಹೆದರಿದವರ ಕಿವಿ ಬಲು ದೊಡ್ಡದು. ಅವರಿಗೆ ಹೆಣ್ಣು ಕೊಟ್ಟ ಮಾವನವರು ಒಂದು ಶುಕ್ರವಾರ ಬೆಳಿಗ್ಗೆಯೇ ಮಿಲ್ಲಿಗೆ ಬಂದರು. ಒಳಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ಒಬ್ಬರ ಹಿಂದೊಬ್ಬರು ಕಿಂಡಿಯಲ್ಲಿ ‘ನಿಲ್ಸು’, ‘ನಿಲ್ಸು’ ಎಂದು ಕೂಗುತ್ತಿದ್ದರು. ಮಾವನವರು ಅಲ್ಲೇ ನಿಂತುಬಿಟ್ಟರು.

‘ಏನಳಿಯಂದ್ರೇ, ಶುಕ್ರವಾರ ಎದ್ದು ನಿಮ್ಮ ಆಳುಗಳೆಲ್ಲ ಮಿಲ್ಲು ನಿಲ್ಲಲಿ ನಿಲ್ಲಲಿ ಅಂತ ಹರಸ್ತಾ ಇದಾರಲ್ಲ? ಇನ್ನು ವ್ಯಾಪಾರ ನಡೀದೆ ಇರೋದು ಏನು ಆಶ್ಚರ್ಯ?’

ಮೇಸ್ತ್ರಿ ಹತ್ತಿರವೇ ಇದ್ದರು. ಅವರು ತಮಾಷೆ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ‘ನೀವು ದಿನಾ ಪೂಜೆ ಮಾಡೋದು ಲಕ್ಷ್ಮಿ ನಿಲ್ಲಲಿ ಅಂತಾನೇ ಅಲ್ವಾ ಸ್ವಾಮಿ? ಇಲ್ಲಿ ನಾವೆಲ್ಲ ಸೇರಿ ನಿಲ್ಸ್ತಾ ಇದೀವಿ’ ಎಂದರು. ಸಿದ್ದಯ್ಯ ಕಿಸಕ್ಕನೆ ನಕ್ಕ. ಮಾವನವರು ನಗಲಿಲ್ಲ. ಅವರ ಮುಖ ನೋಡಿ ಸಾಹುಕಾರರೂ ನಗಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಮರುದಿನ ಅಪ್ಪಣೆಯಾಯಿತು. ಗದರಿಸಿ ಅಲ್ಲ, ಬಹಳ ನಯವಾಗಿಯೇ. ‘ಮೇಸ್ತ್ರಿ, ನಿಮ್ಮ ಉದ್ದೇಶ ಒಳ್ಳೇದು, ನಂಗೊತ್ತು. ಆ ಅಶುಭದ ಮಾತೊಂದು ಬೇಡ. ಬೇರೆ ಏನಾದ್ರೂ ಮಾಡ್ಕೊಳ್ಳಿ.’ ಮೇಸ್ತ್ರಿ ಒಂದು ಹಿತ್ತಾಳೆ ಗಂಟೆ ತಂದು ಕಿಂಡಿಯ ಪಕ್ಕ ಕಟ್ಟಿ ಹಗ್ಗ ಇಳಿಬಿಟ್ಟರು. ಹಗ್ಗ ಜಗ್ಗಿದರೆ ಎಂಜಿನ್ ನಿಲ್ಲಬೇಕು, ಮಾತೇ ಬೇಡ. ಮಾವನವರು ಅದನ್ನೂ ಕಂಡು, ‘ಇದೇನು ಚರ್ಚು ಮಾಡಕ್ಕೆ ಹೊರಟನಾ?’ ಎಂದರು. ಆ ಮಾತಿಗೆ ಸಾಹುಕಾರರು ನಾಚಿದ್ದು ನಿಜ, ನಾನು ನೋಡಿದೆ. ಆದರೂ ವಾರ ಕಳೆಯುವಷ್ಟರಲ್ಲಿ, ‘ನಾದ ಚೆನ್ನಾಗಿದೆ, ಪೂಜೆಗೆ ಇರ್ಲಿ’ ಎಂದು ಗಂಟೆ ಆಫೀಸಿನ ಲಕ್ಷ್ಮಿಯ ಪಟದ ಮುಂದಕ್ಕೆ ಹೋಯಿತು. ಅರಿಶಿನ ಕುಂಕುಮ ಹಚ್ಚಿಸಿಕೊಂಡು ಅಲ್ಲೇ ಕೂತಿತು.

ಮುಂಜಾನೆಯ ಕೂಗು ನಿಂತಿತು. ‘ನಿಲ್ಸು’ ಹೋದ ಮೇಲೆ ‘ನಡೆಸು’ ಎನ್ನುವುದಕ್ಕೂ ಅರ್ಥವಿಲ್ಲದೆ ಅದೂ ಹೋಯಿತು. ನಿಲ್ಲಿಸಲು ಜನ ‘ಸಾಕ್ ಬುಡು’ ಎಂದರು, ಹೊರಡಿಸಲು ‘ಇನ್ ಬುಡು’ ಎಂದರು. ಬೋರಯ್ಯ ದನಿಯ ಏರಿಳಿತ ಕೇಳಿ ಊಹಿಸಿಕೊಳ್ಳುತ್ತಿದ್ದ. ಜನಕ್ಕೆ ಬೇಸರವೇನೂ ಆಗಲಿಲ್ಲ, ಅದನ್ನೂ ಹೇಳಿಬಿಡಬೇಕು. ಬೆಳಗಿನ ಕಾಟ ತಪ್ಪಿತೆಂದು ಖುಷಿಯೇ ಆಯಿತು. ಮಧ್ಯಾಹ್ನದ ಮಾತುಗಳೂ ಮೆಲ್ಲಗೆ ಕಡಿಮೆಯಾದವು. ನಾನು ಮೇಸ್ತ್ರಿಯನ್ನು, ‘ಬೇರೆ ಕಡೆ ನೋಡ್ಕೋಬಾರ್ದಾ? ನಿಮ್ಮಂಥೋರಿಗೆ ಕೆಲಸಕ್ಕೇನು ಕಮ್ಮಿ?’ ಎಂದು ಕೇಳಿದೆ. ‘ನಾನ್ ಹೋದ್ರೆ ಇವ್ರನ್ನ ನೋಡೋರು ಯಾರು ರೈಟ್ರೇ? ಬೈತಾರೆ, ಸರಿ. ಕೈ ಇದ್ರೆ ತಾನೆ ಬೆರಳು ತೋರ್ಸಿ ಬೈಯೋದು’ ಎಂದರು. ಮಾತಿಲ್ಲದಿದ್ದರೂ ಕೋಲು ಹಿಡಿದು ಓಡಾಡುತ್ತಲೇ ಇದ್ದರು.

ಮುಂದಿನ ಸುಗ್ಗಿಯಲ್ಲಿ ಒಂದು ದಿನ ಮಧ್ಯದ ಯಂತ್ರದ ಬೆಲ್ಟು ಕಳಚಿ ಬಿತ್ತು. ಎಂಜಿನ್ ನಿಲ್ಲಿಸಿ ಮೇಸ್ತ್ರಿ ಏಣಿ ಹತ್ತಿದರು. ಅವರು ಮೇಲೆ ಗಾಲಿಗೆ ಬೆಲ್ಟು ಕೂರಿಸುವುದು, ಸಿದ್ದಯ್ಯ ಕೆಳಗಿನಿಂದ ಎಳೆದು ಬಿಗಿಹಿಡಿಯುವುದು. ಎಷ್ಟೋ ಸಲ ಮಾಡಿದ ಕೆಲಸ. ಸಿದ್ದಯ್ಯ ಒಂದಿಷ್ಟು ಜೋರಾಗಿ ಎಳೆದ, ಮೇಸ್ತ್ರಿಯ ಬಲಗೈ ಬೆರಳು ಬೆಲ್ಟಿಗೂ ಗಾಲಿಗೂ ನಡುವೆ ಸಿಕ್ಕಿತು. ನೋವಿಗೆ ಅವರು ಕೆಳಗಿದ್ದ ಸಿದ್ದಯ್ಯನಿಗೆ, ‘ಬುಡು, ಬುಡು’ ಎಂದರು.

ಬೆಲ್ಟು ಸಡಿಲಿಸು ಎಂದು. ಸಿದ್ದಯ್ಯನಿಗೆ ಅರ್ಥವಾಯಿತು, ಅವನು ಕೈ ತೆಗೆದ. ಆದರೆ ಕಿಂಡಿಯ ಹತ್ತಿರ ನಿಂತಿದ್ದವನು ಮೇಸ್ತ್ರಿ ಕೆಲಸ ಮುಗಿಸಿ ಹೇಳಿದರೆಂದೇ ತಿಳಿದು, ಕಿಂಡಿಗೆ ಬಾಯಿಟ್ಟು, ‘ಬುಡ್ಬೇಕಂತೆ’ ಎಂದ. ಬೋರಯ್ಯ ಉಗಿ ತೆರೆದ. ಬೆರಳು ಹೊರಬರುವ ಮೊದಲೇ ದಂಡ ತಿರುಗಿತು, ಬೆಲ್ಟು ಅವರ ಕೈಯನ್ನು ಎಳೆದುಕೊಂಡು ಹೋಯಿತು. ಸಿದ್ದಯ್ಯ ಹುಚ್ಚು ಹಿಡಿದವನಂತೆ, ‘ಬುಡ್ರೋ, ಸಾಕು ಬುಡ್ರೋ’ ಎಂದು ಕೂಗಿದ. ಆ ಗದ್ದಲದಲ್ಲಿ ಬೋರಯ್ಯನಿಗೆ ಕೇಳಿದ್ದು ‘ಬುಡ್ರೋ’ ಮಾತ್ರ, ಅವನು ಇನ್ನಷ್ಟು ಉಗಿ ಕೊಟ್ಟ. ಅಷ್ಟು ಜನ ಅಲ್ಲಿದ್ದರು, ಎಷ್ಟೋ ವರ್ಷ ದಿನಾ ಬೆಳಿಗ್ಗೆ ಕೂಗಿದ ಆ ಒಂದು ಮಾತು ಒಬ್ಬರ ಬಾಯಿಂದಲೂ ಬರಲಿಲ್ಲ. ಕೆಂಪಮ್ಮ ಗೋಡೆ ಸುತ್ತಿ ಓಡಿಹೋಗಿ ಬೋರಯ್ಯನ ಕೈ ಹಿಡಿದೆಳೆದ ಮೇಲೆಯೇ ಎಂಜಿನ್ ನಿಂತದ್ದು. ತಕ್ಕಡಿ ಬಿಟ್ಟು ನಾನು ಒಳಗೆ ಬಂದಾಗ ಅವರನ್ನು ಕೆಳಗಿಳಿಸುತ್ತಿದ್ದರು.

ದೊಡ್ಡಾಸ್ಪತ್ರೆಯಲ್ಲಿ ತೋಳನ್ನು ಮೊಣಕೈ ಮೇಲಕ್ಕೆ ಕತ್ತರಿಸಿ ತೆಗೆದರು. ಇತ್ತ ಮಿಲ್ಲಿನಲ್ಲಿ ಸಾಹುಕಾರರು ವಿಚಾರಣೆ ಮಾಡಿದರು. ಏಣಿಯ ಮೇಲಿದ್ದವರು ಏನೆಂದರು ಎಂದು ಒಬ್ಬೊಬ್ಬರನ್ನೂ ಕರೆದು ಕೇಳಿದರು. ಬೋರಯ್ಯ, ಸಿದ್ದಯ್ಯ, ಕಿಂಡಿಯವನು, ಎಲ್ಲರೂ ಒಂದೇ ಮಾತು: ‘ಬುಡು ಅಂದ್ರು ಬುದ್ಧಿ.’ ಯಾರೂ ಸುಳ್ಳು ಹೇಳಲಿಲ್ಲ. ಮಾವನವರು ವೀಳ್ಯ ಮಡಿಸುತ್ತ, ‘ಊರಿಗೆಲ್ಲ ಪಾಠ ಹೇಳೋ ಮನುಷ್ಯ ತಾನೇ ಅಂದ ಮೇಲೆ ಇನ್ಯಾರನ್ನ ಕೇಳೋದು’ ಎಂದರು. ಅಲ್ಲಿಗೆ ವಿಚಾರಣೆ ಮುಗಿಯಿತು. ಹಿಂದೆ ಚಿಕ್ಕಣ್ಣನ ಬೆರಳು ಹೋದಾಗ ತಪ್ಪು ಮನುಷ್ಯನದಲ್ಲ, ಮಾತಿನದು ಎಂದವರ ಮೇಲೆ ಈಗ ಮಾತಿನ ತಪ್ಪನ್ನೂ ಮನುಷ್ಯನ ತಪ್ಪನ್ನೂ ಸೇರಿಸಿಯೇ ಹೊರಿಸಿದರು. ನನಗೆ ಇವತ್ತಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ಸಾಹುಕಾರರು ತಿಂಗಳಿಗೊಂದು ಮೂಟೆ ಅಕ್ಕಿ ಅವರ ಮನೆಗೆ ಕಳಿಸುವ ಏರ್ಪಾಡು ಮಾಡಿದರು. ವಾಪಸು ಮಾಡುತ್ತಾರೆಂದು ನಾನೆಣಿಸಿದ್ದೆ. ಅವರು ಇಳಿಸಿಕೊಂಡರು. ‘ಅಕ್ಕಿ ಮೇಲೆ ನಂಗೇನ್ ಸಿಟ್ಟು’ ಎಂದರು. ಆಮೇಲೆ ಬೀದಿಯ ಜಗಲಿಯೇ ಅವರ ಜಾಗವಾಯಿತು. ಓಣಿಯ ತುದಿಯಲ್ಲಿ ಯಾರೋ ಮಹಡಿ ಮನೆ ಕಟ್ಟಿಸುತ್ತಿದ್ದರು. ಅಲ್ಲಿಯ ಗಾರೆಯವರಿಗೆ ಕೂತಲ್ಲಿಂದಲೇ ಗದರುತ್ತಿದ್ದರು: ‘ಏಯ್, ಸಾರುವೆ ಕಟ್ಟಿರೋ ಹಗ್ಗ ಹಳೇದಾಯ್ತು ಕಣೋ. ಬಿಗಿ ಮಾಡು.’ ಗಾರೆಯವರು ನಗುತ್ತಿದ್ದರು. ಹೆಂಡತಿ ಒಳಗಿನಿಂದ, ‘ಒಂದ್ ಕೈ ಕಳ್ಕೊಂಡ್ರೂ ಬುದ್ಧಿ ಬರ್ಲಿಲ್ಲ ನೋಡಿ ಇವ್ರಿಗೆ’ ಎಂದು ನನ್ನ ಹತ್ತಿರ ಹೇಳುವರು. ಆ ತಾಯಿ ಬೈದೇ ಗಂಡನಿಗೆ ಅನ್ನ ಕಲಸಿ ಕೊಡುತ್ತಿದ್ದರು.

ಒಂದು ಸಂಜೆ ತಡೆಯಲಾರದೆ ಕೇಳಿಯೇಬಿಟ್ಟೆ. ‘ಮೇಸ್ತ್ರಿ, ಎಲ್ಲಾ ಬಿಟ್ಟು ಆ ಮಾತು ನಿಮ್ಮ ಬಾಯಲ್ಲಿ ಹೇಗೆ ಬಂತು?’

ಅವರು ಓಣಿಯ ತುದಿಯ ಸಾರುವೆಯ ಕಡೆ ಮುಖ ತಿರುಗಿಸಿದರು. ಸಿಟ್ಟು ಮಾಡಿಕೊಂಡರೇನೋ ಎಂದುಕೊಂಡೆ.

‘ನೋವಾದಾಗ ಬರೋದು ಅವ್ವ ಕಲ್ಸಿದ ಮಾತು ರೈಟ್ರೇ. ರೈಲ್ವೇದಲ್ಲ, ಮಿಲ್ಲಿಂದಲ್ಲ. ಅದ್ಕೇ ನಾನು ದಿನಾ ಕೂಗಿಸ್ತಿದ್ದಿದ್ದು. ಜನಕ್ಕೆ ಮಾತ್ರ ಅಂದ್ಕೊಂಡ್ರಾ? ನಂಗೂ ಬೇಕಾಗಿತ್ತು. ಒಂದು ವರ್ಷ ಕೂಗ್ಲಿಲ್ಲ ನೋಡಿ, ನನ್ ಬಾಯಲ್ಲೂ ಸತ್ತೋಯ್ತು.’ ಎಡಗೈಯಿಂದ ಮೀಸೆ ಸವರಿಕೊಂಡು, ‘ಯಾರೂ ಅದನ್ನ ಕಿತ್ತಾಕ್ಲಿಲ್ಲ. ಆಡ್ಬೇಡಿ ಅಂದ್ರು, ಅಷ್ಟೇ’ ಎಂದರು.

ಮಿಲ್ಲಿನಲ್ಲಿ ಆ ಅಪಘಾತದ ಮೇಲೆ ಶಾಂತಿ ಮಾಡಿಸಿದರು. ಕುಂಬಳಕಾಯಿ ಒಡೆದರು. ಆ ಏಣಿಯನ್ನು ಸುಟ್ಟರು. ರಕ್ತ ಬಿದ್ದ ಮೇಲೆ ಆ ಮನುಷ್ಯನ ಹೆಸರನ್ನು ಮಿಲ್ಲಿನೊಳಗೆ ಎತ್ತಬಾರದು, ಅದು ಅಶುಭ ಎಂದು ಮಾವನವರು ಹೇಳಿದರು, ಸಾಹುಕಾರರು ಹೂಂ ಎಂದರು. ‘ಬುಡು’ ಎನ್ನುವುದಕ್ಕೆ ಮಾತ್ರ ಯಾರೂ ಏನೂ ಮಾಡಲಿಲ್ಲ. ಅದು ಈಗಲೂ ದಿನಾ ಆ ಕಿಂಡಿಯಲ್ಲಿ ಹೋಗಿ ಬಂದು ಮಾಡುತ್ತಿದೆ. ಹೋದ ವರ್ಷ ಸಿದ್ದಯ್ಯನ ಹೆಬ್ಬೆರಳು ಹೋಯಿತು. ಹಬ್ಬದ ದಿನ ಹಸುವಿನ ಹಗ್ಗಕ್ಕೆ ಸಿಕ್ಕಿತು ಎಂದು ಎಲ್ಲರ ಹತ್ತಿರ ಹೇಳುತ್ತಾನೆ. ಅವನ ಮನೆಯಲ್ಲಿ ಹಸುವೇ ಇಲ್ಲ.

ಮಣ್ಣು ಮುಗಿಸಿ ಮಾರನೆಯ ದಿನ ಕೆಲಸಕ್ಕೆ ಹೋದಾಗ ಸಾಹುಕಾರರು, ‘ನೆನ್ನೆ ಎಲ್ಲಿಗೆ ಹೋಗಿದ್ರಿ?’ ಎಂದು ಕೇಳಿದರು. ‘ಮಣ್ಣಿಗೆ’ ಎಂದೆ. ‘ಯಾರದು?’ ಎಂದರು. ಅವರಿಗೆ ಗೊತ್ತಿತ್ತು, ಅವರ ಕಣ್ಣು ನೆಲ ನೋಡುತ್ತಿತ್ತು. ‘ಹಳೇ ಮೇಸ್ತ್ರಿದು’ ಎಂದೆ. ಅವರು ತಲೆಯಾಡಿಸಿ ಒಳಗೆ ಹೋದರು.

ಮನೆಗೆ ಬಂದು ಇಷ್ಟನ್ನೂ ಬರೆದೆ. ಇಲ್ಲಿ ನನ್ನನ್ನು ತಡೆಯುವವರು ಯಾರೂ ಇಲ್ಲ. ಮತ್ತೆ ಮೊದಲಿನಿಂದ ಓದಿದೆ, ಎಲ್ಲೂ ಅವರ ಹೆಸರಿಲ್ಲ. ಕನಿಷ್ಠ ತಲೆಬರಹದಲ್ಲಾದರೂ ಇರಲಿ ಎಂದು ಲೇಖನಿ ಹಿಡಿದರೆ ಕೈ ಆ ಅಡ್ಡಹೆಸರನ್ನೇ ಬರೆಯಿತು. ಮರೆತಿದ್ದೇನೆಂದಲ್ಲ. ಅವರ ಅಪ್ಪನ ಹೆಸರು ಸಹಿತ ನೆನಪಿದೆ. ಈಗ ತಾನೆ ಹೆಂಡತಿ ಬಾಗಿಲಲ್ಲಿ ನಿಂತು, ‘ಯಾರ ಬಗ್ಗೆ ಬರೀತಿದೀರಿ?’ ಎಂದು ಕೇಳಿದಳು. ಹೇಳಿಯೇಬಿಡಬೇಕೆಂದು ಬಾಯಿ ತೆರೆದೆ. ‘ಮೇಸ್ತ್ರಿ’ ಎಂದೇ ಬಂತು.